ಫಿಲು ಬಾಯಿಯ ಹೊಸ ಮೊಣಕಾಲು

ನಾಲ್ಕು ತಿಂಗಳ ಹಿಂದೆ, ಗೋವಾದ ಮಡಗಾಂವಿನ ಫಾತೋರ್ಡಾದ ನಮ್ಮ ಓಣಿಯಲ್ಲಿ, ಅರವತ್ತಮೂರು ವರ್ಷದ ಹೆಂಗಸೊಬ್ಬರು ನನ್ನನ್ನು ಹಿಂದೆ ಹಾಕಿ ನಡೆದು ಹೋದರು.

ಬೆಳಗಿನ ಏಳೂವರೆ. ನಾನು ಹಾಲು ತರಲು ಹೊರಟಿದ್ದೆ. ಹಿಂದಿನಿಂದ ಚಪ್ಪಲಿಯ ಸದ್ದು. ಟಪ್ ಟಪ್ ಟಪ್. "ದೇವ್ ಬರೋ ದೀಸ್ ದೀಂವ್, ಮಾಸ್ತರ್" ಎಂದು ಕೊಂಕಣಿಯಲ್ಲಿ ನಮಸ್ಕಾರ ಹೇಳಿದವರೇ ಖಾಲಿ ಮೀನಿನ ಚೀಲ ಬೀಸುತ್ತಾ ತಿರುವಿನಲ್ಲಿ ಮರೆಯಾದರು.

ನನಗೆ ಖುಷಿಯಾಗಬೇಕಿತ್ತು. ಪಕ್ಕದ ಮನೆಯ ಫಿಲೋಮಿನಾ ಅವರು. ಓಣಿಗೆಲ್ಲ ಫಿಲು ಬಾಯಿ. ಮೂರು ವರ್ಷದ ಹಿಂದೆ ಇದೇ ತಿರುವಿನಲ್ಲಿ ಗೋಡೆ ಹಿಡಿದು ನಿಂತು, ಹಲ್ಲು ಕಚ್ಚಿ ನೋವು ನುಂಗುತ್ತಿದ್ದವರು. ಅಂಥವರು ಹೀಗೆ ನಡೆಯುವುದನ್ನು ಕಂಡರೆ ಯಾರಿಗೆ ತಾನೇ ಸಂತೋಷವಾಗುವುದಿಲ್ಲ?

ನನಗಾಗಲಿಲ್ಲ. ಮನೆಗೆ ಬಂದವನೇ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದು ಹೆಂಡತಿಯ ಮೇಲೆ ರೇಗಿದೆ. (ಉಪ್ಪು ಸರಿಯಾಗಿಯೇ ಇತ್ತು.)

ವಿಷಯ ಇಷ್ಟೇ. ನನ್ನ ಹೆಂಡತಿ ಸುಮಿತ್ರಾಳ ಮೊಣಕಾಲುಗಳೂ ಸವೆದಿವೆ. ಫಿಲು ಬಾಯಿಯವು ಹೇಗೆ ಸವೆದಿದ್ದವೋ ಹಾಗೆಯೇ. ಎಂಟು ವರ್ಷ ಇವರಿಬ್ಬರೂ ಜೊತೆಯಾಗಿ ಕುಂಟಿದವರು. ಸಂತೆಗೆ ಜೊತೆಯಾಗಿ ಹೋಗುವುದು, ಓಣಿಯ ಪುಟ್ಟ ಚರ್ಚಿನ ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಳ್ಳುವುದು, ಯಾವ ಎಣ್ಣೆ ಹಚ್ಚಿದರೆ ಏನೂ ಆಗುವುದಿಲ್ಲ ಎಂಬುದನ್ನು ಚರ್ಚಿಸುವುದು. ಒಬ್ಬಳದು ಮುಧೋಳದ ಕನ್ನಡ ಬೆರೆತ ಕೊಂಕಣಿ. ಇನ್ನೊಬ್ಬರದು ಇಲ್ಲಿಯದೇ ಆದ ಅಚ್ಚ ಸಾಷ್ಟಿ ತಾಲೂಕಿನ ಕೊಂಕಣಿ. ನೋವಿಗೆ ಎರಡೂ ಸಾಕಾಗುತ್ತಿತ್ತು.

ಇಬ್ಬರಿಗೂ ಡಾಕ್ಟರು ಒಂದೇ ಮಾತು ಹೇಳಿದ್ದರು. ಮೊಣಕಾಲು ಬದಲಿಸಬೇಕು.

ನಾನು ಶಾಲೆಯಲ್ಲಿ ಗಣಿತ ಕಲಿಸುವವನು. ಆಸ್ಪತ್ರೆಯ ಖರ್ಚಿನ ಲೆಕ್ಕ ಹಾಕಿ ನೋಡಿ, ಪುಸ್ತಕ ಮುಚ್ಚಿದೆ. "ಹೋಗ್ಲಿ ಬಿಡ್ರಿ, ಹಿಂಗs ನಡಿತೈತಿ" ಎಂದಳು ಸುಮಿತ್ರಾ. ನಡೆಯುವುದೇ ಆಗುತ್ತಿಲ್ಲ, ಇನ್ನು ಏನು ನಡಿತೈತಿ?

ಫಿಲು ಬಾಯಿಗೆ ಮಾತ್ರ ಇನ್ನೊಂದು ದಾರಿ ಇತ್ತು. ಅವರು ಹುಟ್ಟಿದ್ದು ಪೋರ್ಚುಗೀಸರ ಗೋವಾದಲ್ಲಿ. ಆಗ ಇಲ್ಲಿ ಹುಟ್ಟಿದವರು, ಅವರ ಮಕ್ಕಳು, ಕಾಗದಪತ್ರ ಸರಿ ಇದ್ದರೆ ಪೋರ್ಚುಗಲ್ಲಿನ ಪ್ರಜೆಗಳಾಗಬಹುದು. ಇಂಗ್ಲೆಂಡು ಯುರೋಪಿನ ಒಕ್ಕೂಟದಲ್ಲಿ ಇದ್ದಷ್ಟು ದಿನ, ಆ ಪಾಸ್‌ಪೋರ್ಟ್ ಇದ್ದವರು ಅಲ್ಲಿಗೂ ಹೋಗಿ ನೆಲೆಸಬಹುದಿತ್ತು. ಮಗ ಮೊದಲೇ ಹೋಗಿ ಲಂಡನ್ನಿನ ಹೊರಗೆ ಗೋದಾಮಿನಲ್ಲಿ ಕೆಲಸಕ್ಕಿದ್ದ. ತಾಯಿಯೂ ಹೋದರು. ಗಂಡ ಕಾಯ್ತಾನ್ ಕೂಡ ಹೋದರು. ಕಾಯ್ತಾನ್ ನಲವತ್ತು ವರ್ಷ ಮಡಗಾಂವ್–ವಾಸ್ಕೋ ಬಸ್ಸು ಓಡಿಸಿದವರು. ಲಂಡನ್ನಿನ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂರಬೇಕಾಯಿತೆಂದು ಅವರಿಗೆ ಇವತ್ತಿಗೂ ಬೇಜಾರು.

ನಾನೋ? ಮುಧೋಳದ ಹತ್ತಿರ ಹುಟ್ಟಿದವನು. ಅಲ್ಲಿಗೆ ಪೋರ್ಚುಗೀಸರು ಬಂದಿರಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿರುವಾಗ, ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತಿರುವುದು ನನಗೇ ಗೊತ್ತಾಗಿ ಬೆವರಿದೆ. ಹೆಂಡತಿಯ ಮೊಣಕಾಲಿಗಾಗಿ ನಮ್ಮೂರನ್ನು ಪರದೇಶದವರಿಗೆ ಒಪ್ಪಿಸಲು ತಯಾರಾಗಿದ್ದೆನಲ್ಲ! (ನಮ್ಮ ಇತಿಹಾಸದ ಮಾಸ್ತರಿಗೆ ಇದನ್ನು ಹೇಳಿಲ್ಲ. ಈಗ ಓದಿ ತಿಳಿಯಲಿ.)

ಫಿಲು ಬಾಯಿ ಎರಡೂವರೆ ವರ್ಷ ಅಲ್ಲಿದ್ದರು. ಎರಡೂ ಮೊಣಕಾಲು ಬದಲಾದವು. ವಾಪಸು ಬಂದ ಮರುದಿನ ನಮ್ಮ ಮನೆಗೆ ಬಂದರು. ಚಾಕಲೇಟು ತಂದಿದ್ದರು. ಚಹಾಪುಡಿ ತಂದಿದ್ದರು. (ಇಂಗ್ಲೆಂಡಿನಿಂದ ಚಹಾಪುಡಿ! ಅಲ್ಲಿ ಬೆಳೆಯುತ್ತದೆಯೇ?) ಆಮೇಲೆ ಚೀಲದಿಂದ ಮೆಲ್ಲಗೆ ಒಂದು ಊರುಗೋಲು ತೆಗೆದರು. ಅಲ್ಯೂಮಿನಿಯಂ ಕೋಲು. ತುದಿಗೆ ಬೂದು ಬಣ್ಣದ ರಬ್ಬರು. ಎತ್ತರ ಹೆಚ್ಚು ಕಡಿಮೆ ಮಾಡಿಕೊಳ್ಳಲು ಸಾಲಾಗಿ ತೂತುಗಳು.

"ಆಸ್ಪತ್ರೆಯವರು ಕೊಟ್ಟದ್ದು ಸುಮಿ. ನನಗಿನ್ನು ಬೇಡ. ನೀನು ಇಟ್ಟುಕೋ" ಎಂದರು.

ಸುಮಿತ್ರಾ ಕೋಲು ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದಳು. ಮುಖ ಅರಳಿತು. "ಭಾಳ ಚಲೋ ಐತ್ರೀ. ನೋಡ್ರಿಲ್ಲೆ, ಭಾರ ಎಲ್ಲಾ ಇದರ ಮ್ಯಾಲೆ ಬೀಳ್ತೈತಿ!"

ನಾನು ನೋಡಿದೆ. ನನ್ನ ಕಣ್ಣಿಗೆ ಕಂಡದ್ದೇ ಬೇರೆ. ಒಬ್ಬರಿಗೆ ಮೊಣಕಾಲು, ಇನ್ನೊಬ್ಬಳಿಗೆ ಕೋಲು. ಅವರಿಗೆ ಬೇಡವಾದದ್ದು ನಮಗೆ.

ಅವತ್ತು ಸಂಜೆ, ಸುಮಿತ್ರಾ ದೇವರ ಮುಂದೆ ದೀಪ ಹಚ್ಚುತ್ತಿರುವಾಗ, ಆ ಕೋಲನ್ನು ಎತ್ತಿ ಕಪಾಟಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಇಟ್ಟೆ.

ಯಾಕೆ ಇಟ್ಟೆ? ಕೇಳಬೇಡಿ. ಗಂಡಸಿನ ಹೊಟ್ಟೆಕಿಚ್ಚಿಗೆ ನಾವು ಸ್ವಾಭಿಮಾನ ಎಂದು ಹೆಸರಿಟ್ಟುಕೊಳ್ಳುತ್ತೇವೆ. ಆ ಹೆಸರಿನಲ್ಲಿ ಇಟ್ಟೆ.

"ಏನ್ರೀ, ಫಿಲು ಬಾಯಿ ಕೊಟ್ಟ ಕೋಲು ಎಲ್ಲೈತಿ?" ಮರುದಿನ ಕೇಳಿದಳು.

"ಇಲ್ಲೇ ಎಲ್ಲೋ ಇರಬೇಕು ನೋಡು" ಎಂದೆ. ಮತ್ತೆ ಕೇಳಲಿಲ್ಲ.

ಅದೇ ವಾರ ಭಾನುವಾರದ ಪತ್ರಿಕೆಯಲ್ಲಿ ಒಂದು ಪುಟ ಬಂತು. ಯಾವ ದೇಶ ತನ್ನ ಜನರ ಆರೋಗ್ಯಕ್ಕೆ ಎಷ್ಟು ಖರ್ಚು ಮಾಡುತ್ತದೆ ಎಂಬ ಗ್ರಾಫ್. ನಾನು ಗಣಿತದವನಲ್ಲವೇ, ಗ್ರಾಫ್ ಕಂಡರೆ ಬಿಡುವವನಲ್ಲ. ವರ್ಷದಿಂದ ವರ್ಷಕ್ಕೆ ಬೇರೆ ದೇಶಗಳ ಗೆರೆಯೆಲ್ಲ ಏರುತ್ತಾ ಹೋಗಿದೆ. ಅಮೆರಿಕದ್ದು ಎಲ್ಲಕ್ಕಿಂತ ಮೇಲೆ, ಪುಟದ ಅಂಚಿಗೆ ತಲೆ ತಾಗಿಸಿಕೊಂಡು. ಅದರ ಕೆಳಗೆ ಜರ್ಮನಿ, ಫ್ರಾನ್ಸ್, ಇಂಗ್ಲೆಂಡು. ಪೋರ್ಚುಗಲ್ಲೂ ಪರವಾಗಿಲ್ಲ. ಕೊನೆಗೆ ಪುಟದ ತಳದಲ್ಲಿ ನಮ್ಮದು. ಮಧ್ಯಾಹ್ನ ಮೀನೂಟ ಮಾಡಿ ಒರಗಿದ ಗೋವಾದ ಅಂಗಡಿಕಾರನ ಹಾಗೆ ಉದ್ದಕ್ಕೆ ಮಲಗಿತ್ತು.

ಪಕ್ಕದಲ್ಲಿ ಇನ್ನೊಂದು ಚಿತ್ರ. ಆ ಖರ್ಚಿನಲ್ಲಿ ಸರ್ಕಾರ ಕೊಡುವುದೆಷ್ಟು, ರೋಗಿ ತನ್ನ ಜೇಬಿನಿಂದ ಕೊಡುವುದೆಷ್ಟು? ಇಂಗ್ಲೆಂಡಿನಲ್ಲಿ ಬಹುಪಾಲು ಸರ್ಕಾರದ್ದು. ನಮ್ಮಲ್ಲಿ ಹತ್ತಿರ ಹತ್ತಿರ ಅರ್ಧ, ಮಲಗಿದ ರೋಗಿಯ ಜೇಬಿನದು.

ಪುಟವನ್ನು ಕತ್ತರಿಸಿಕೊಂಡು ಸೀದಾ ಕಾಯ್ತಾನರ ಮನೆಗೆ ಹೋದೆ. ಅವರು ವರಾಂಡದಲ್ಲಿ ಕೂತು ಬೆತ್ತದ ಕುರ್ಚಿ ಹೆಣೆಯುತ್ತಿದ್ದರು. (ಅವರು ಮಾತಾಡಿದ್ದು ಕೊಂಕಣಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಕಾಯ್ತಾನ್, ಖರೇ ಹೇಳಿ. ಎರಡು ಮೊಣಕಾಲಿಗೆ ಒಟ್ಟು ಎಷ್ಟಾಯಿತು?"

"ಏನೂ ಇಲ್ಲ."

"ಆಪರೇಷನ್ನಿಗೆ?"

"ಇಲ್ಲ."

"ಆಮೇಲೆ ವ್ಯಾಯಾಮ ಮಾಡಿಸಿದವರಿಗೆ?"

"ಆ ಹುಡುಗಿ ಮನೆಗೇ ಬರುತ್ತಿದ್ದಳು. ಚಹಾ ಕೊಟ್ಟರೆ ಅದನ್ನೂ ಬೇಡ ಅನ್ನುತ್ತಿದ್ದಳು."

ಪುಟವನ್ನು ಮಡಿಸಿ ಜೇಬಿಗೆ ಹಾಕಿದೆ. ಬಡವನಿಗೆ ಶ್ರೀಮಂತನ ಕಾರು ಕಂಡರೆ ಆಗುವ ಹೊಟ್ಟೆಕಿಚ್ಚಲ್ಲ ನನಗಾದದ್ದು. ಕಾರಿಲ್ಲದೆ ಬದುಕಬಹುದು. ಇದು ಬೇರೆ. ಕಾಯಿಲೆ ಬಂದಾಗ ಹೆದರದೆ ಇರುವ ಮನುಷ್ಯನನ್ನು ಕಂಡರೆ ಆಗುವ ಹೊಟ್ಟೆಕಿಚ್ಚು. ನಮ್ಮ ಮನೆಗಳಲ್ಲಿ ಜ್ವರ ಎರಡು ದಿನ ದಾಟಿದರೆ ಸಾಕು, ಎಲ್ಲರ ದನಿಯೂ ತಗ್ಗುತ್ತದಲ್ಲ? ಆ ತಗ್ಗಿದ ದನಿ ಇವರಿಗೆ ಮರೆತೇಹೋಗಿತ್ತು.

ಕಾಯ್ತಾನ್ ಹೆಣಿಗೆ ನಿಲ್ಲಿಸಿ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ.

"ಮಾಸ್ತರ್, ಬಿಟ್ಟಿ ಅಂದುಕೊಳ್ಳಬೇಡಿ. ಒಂದು ಮೊಣಕಾಲಿಗೆ ಏಳು ತಿಂಗಳು ಕಾದೆವು. ಎರಡನೆಯದಕ್ಕೆ ಮತ್ತೆ ಕಾದೆವು. ನನ್ನ ಮಗನ ಸಂಬಳದ ಚೀಟಿ ನೋಡಬೇಕು ನೀವು. ಕೈಗೆ ಬರುವ ಮೊದಲೇ ಸರ್ಕಾರ ತನ್ನ ಪಾಲು ಎತ್ತಿಕೊಂಡಿರುತ್ತದೆ. ಪ್ರತಿ ತಿಂಗಳೂ ಬೈಯುತ್ತಿದ್ದ. ತಾಯಿ ಎದ್ದು ನಡೆದ ತಿಂಗಳು ಬೈಯಲಿಲ್ಲ."

"ನಮ್ಮವರೂ ಹಾಗೇ ಮಾಡಬೇಕಪ್ಪ" ಎಂದೆ ಜೋರಾಗಿ. "ತೆರಿಗೆ ತಗೊಳ್ಳಲಿ, ಆಸ್ಪತ್ರೆ ಕೊಡಲಿ!"

"ಮಾಡಲಿ, ಮಾಡಲಿ" ಎಂದರು ಕಾಯ್ತಾನ್. "ಅಲ್ಲ ಮಾಸ್ತರ್, ಸಂಜೆ ನಿಮ್ಮ ಮನೆಯ ಮುಂದೆ ಅಷ್ಟೊಂದು ಸೈಕಲ್ಲು ನಿಂತಿರುತ್ತವಲ್ಲ, ಟ್ಯೂಷನ್ನಿನ ಹುಡುಗರದು. ಆ ವರಮಾನ ಸರ್ಕಾರಕ್ಕೆ ತೋರಿಸುತ್ತೀರೋ?"

ನನಗೆ ಕೆಮ್ಮು ಬಂತು.

ಬೇಡದ ಪ್ರಶ್ನೆ. ಮಾತು ಬದಲಿಸಲು ಗ್ರಾಫ್ ಬಿಡಿಸಿ ಅಮೆರಿಕದ ಗೆರೆ ತೋರಿಸಿದೆ. ಅವರು ನಕ್ಕರು. ಅವರ ಸೋದರಮಾವನ ಮಗ ಅಮೆರಿಕದಲ್ಲಿದ್ದಾನಂತೆ. ಹಲ್ಲು ಕಟ್ಟಿಸಲು ವಿಮಾನ ಹತ್ತಿ ಮಡಗಾಂವಿಗೇ ಬರುತ್ತಾನಂತೆ. ಅಲ್ಲಿ ಕಟ್ಟಿಸಲು ಕೈಗೆಟುಕುವುದಿಲ್ಲವಂತೆ. ಎಲ್ಲಕ್ಕಿಂತ ಎತ್ತರದ ಗೆರೆಯ ದೇಶದವನು, ಎಲ್ಲಕ್ಕಿಂತ ತಗ್ಗಿನ ಗೆರೆಯ ದೇಶಕ್ಕೆ ಬಾಯಿ ತೆರೆದುಕೊಂಡು ಬರುತ್ತಾನೆ! ಅಂದರೆ ಖರ್ಚು ಎಷ್ಟು ಎಂಬುದಷ್ಟೇ ಅಲ್ಲ, ಯಾರು ಯಾರಿಗಾಗಿ ಖರ್ಚು ಮಾಡುತ್ತಾರೆ ಎಂಬುದೂ ನೋಡಬೇಕು. ಇದು ನನಗೆ ಆವತ್ತು ಅರ್ಥವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಕಿಚ್ಚಿನವನಿಗೆ ಪಕ್ಕದ ಮನೆ ಬಿಟ್ಟು ಬೇರೆ ದೇಶ ಕಾಣುವುದಿಲ್ಲ.

ಲಂಡನ್ನಿನಲ್ಲಿ ಫಿಲು ಬಾಯಿ ಎಷ್ಟೋ ದಿನ ಕಿಟಕಿಯ ಹತ್ತಿರ ಒಬ್ಬರೇ ಕೂತು ಅತ್ತದ್ದನ್ನು ಸುಮಿತ್ರಾ ನನಗೆ ಹೇಳಿದಳು. ಅಲ್ಲಿಯ ಮೀನಿಗೆ ರುಚಿಯೇ ಇರಲಿಲ್ಲವಂತೆ. ಕೇಳಿ ಸ್ವಲ್ಪ ಸಮಾಧಾನವಾಯಿತು. ಸ್ವಲ್ಪವೇ. ಬೆಳಿಗ್ಗೆ ಮತ್ತೆ ಟಪ್ ಟಪ್ ಸದ್ದು ಕೇಳಿದಾಗ ಅದೂ ಹೋಯಿತು.

ಆಮೇಲೆ ಒಂದು ಗುರುವಾರ.

ಹತ್ತು ಗಂಟೆಯ ಸುಮಾರಿಗೆ ಶಾಲೆಗೆ ಫೋನು ಬಂತು. ಸುಮಿತ್ರಾ ಬಿದ್ದಿದ್ದಾಳೆ. ಹಿತ್ತಲ ಬಾಗಿಲಿನ ಮೂರು ಮೆಟ್ಟಿಲು ಇಳಿಯುವಾಗ ಸೋಪಿನ ನೀರಿನ ಮೇಲೆ ಕಾಲು ಜಾರಿದೆ. ಹಿಡಿಯಲು ಏನೂ ಇರಲಿಲ್ಲ. ಕೈಯೂರಿ ಬಿದ್ದಳು.

ನಾನು ರಿಕ್ಷಾ ಹಿಡಿದು ಸರ್ಕಾರಿ ಆಸ್ಪತ್ರೆಗೆ ಓಡಿದೆ. ಸುಮಿತ್ರಾ ಬೆಂಚಿನ ಮೇಲೆ ಕೂತಿದ್ದಳು. ಎಡಗೈ ಮಣಿಕಟ್ಟು ಬಾತುಹೋಗಿತ್ತು. ಒಂದು ಪಕ್ಕದಲ್ಲಿ ಫಿಲು ಬಾಯಿ, ಇನ್ನೊಂದು ಪಕ್ಕದಲ್ಲಿ ನಮ್ಮ ಮನೆಗೆಲಸದ ಯಲ್ಲವ್ವ. ಕಾಯ್ತಾನ್ ಕಾರು ನಿಲ್ಲಿಸಲು ಹೋಗಿದ್ದರು.

ಯಲ್ಲವ್ವ ಗದಗಿನ ಕಡೆಯವಳು. ಮೋತಿ ಡೊಂಗರ್‌ನ ಗುಡ್ಡದ ಮೇಲೆ ಮನೆ. ಗಂಡನಿಗೆ ಫೋಂಡಾದಲ್ಲಿ ಸೆಂಟ್ರಿಂಗ್ ಕೆಲಸ. ಇಪ್ಪತ್ತು ವರ್ಷ ಅವಳೂ ಕಟ್ಟಡಗಳಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತವಳು. ಈಗ ಆಗುವುದಿಲ್ಲವೆಂದು ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಾಳೆ. ನಡೆದದ್ದನ್ನೆಲ್ಲ ಅವಳೇ ಹೇಳಿದಳು.

"ಅಕ್ಕಾರು ಬಿದ್ದಿದ್ದು ಕೇಳಿ ನನ್ನ ಎದಿನs ಒಡದಂಗಾತ್ರಿ ಮಾಸ್ತರ. ಓಡಿಹೋಗಿ ಫಿಲು ಬಾಯಾರ ಬಾಗಲಾ ಬಡದೆ. ಅವ್ರು ಹೆಂಗ್ ಓಡಿ ಬಂದ್ರು ಅಂತೀರಿ! ಚಪ್ಪಲ್ ಸೈತ ಹಾಕ್ಕೊಳ್ಳಲಿಲ್ಲ. ಇಬ್ರೂ ಸೇರಿ ಎತ್ತಿ ಕಾರಿನಾಗ ಕುಂದ್ರಿಸಿದ್ವಿ."

ಫಿಲು ಬಾಯಿಯ ಪಾದಗಳನ್ನು ನೋಡಿದೆ. ಬರಿಗಾಲು. ಹೆಬ್ಬೆರಳಿಗೆ ಕಲ್ಲು ತಾಗಿ ರಕ್ತ ಒಣಗಿತ್ತು. ಎರಡು ತಿಂಗಳಿಂದ ಯಾವ ಮೊಣಕಾಲುಗಳನ್ನು ಕಂಡು ನಾನು ಉರಿಯುತ್ತಿದ್ದೆನೋ, ಅವು ನನ್ನ ಹೆಂಡತಿಗಾಗಿ ಓಡಿದ್ದವು.

ಡಾಕ್ಟರು ಎಕ್ಸ್‌ರೇ ತೆಗೆಸಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಹೆಚ್ಚಿನ ಅಪಾಯವಿಲ್ಲ ಎಂದರು. ಹೊರಗೆ ಬರುವಾಗ ಫಿಲು ಬಾಯಿ ಕೇಳಿದರು: "ಸುಮಿ, ಕೋಲು ಹಿಡಿದಿರಲಿಲ್ಲವಾ ನೀನು? ನಾನು ಕೊಟ್ಟದ್ದು?"

ಸುಮಿತ್ರಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಮರೆತುಬಿಟ್ಟೆ ಬಾಯಿ" ಎಂದಳು ತನ್ನ ಹರಕು ಕೊಂಕಣಿಯಲ್ಲಿ.

ಮಧ್ಯಾಹ್ನ ಮನೆಗೆ ಬಂದು ಕುರ್ಚಿ ಹಾಕಿ ಹತ್ತಿ ಆ ಕೋಲನ್ನು ಕೆಳಗಿಳಿಸಿದೆ. ಧೂಳು ಒರೆಸಿದೆ. ಅವಳ ಮಂಚಕ್ಕೆ ಒರಗಿಸಿಟ್ಟೆ.

"ಕಪಾಟಿನ ಮ್ಯಾಲೈತಿ ಅಂತ ನಂಗ ಮೊದಲs ಗೊತ್ತಿತ್ತು" ಎಂದಳು. "ಕೆಳಗ ನಿಂತ್ರ ತುದಿ ಕಾಣ್ತಿತ್ತು. ಈ ಕಾಲಾಗ ಕುರ್ಚಿ ಹತ್ತಾಕ ಬರ್ತೈತೇನ್ ನಂಗ?"

"ಮತ್ತೆ ಕೇಳಬಾರದಿತ್ತಾ?"

"ನೀವು ಒಳಗೊಳಗ ಉರ್ಯಾಕತ್ತಿದ್ರಿ. ತಾನs ಆರ್ಲಿ ಅಂತ ಸುಮ್ಮನಿದ್ದೆ." ಕೋಲನ್ನು ಹತ್ತಿರ ಎಳೆದುಕೊಂಡು ಹೇಳಿದಳು. "ನನಗೇನ್ ಹೊಟ್ಟಿಕಿಚ್ಚ ಇಲ್ಲಂತ ತಿಳದೀರಿ? ಫಿಲು ಬಾಯಿ ನಡ್ಯೂದು ನೋಡಿ ಒಂದಿನ ಬಚ್ಚಲದಾಗ ಕುಂತು ಅತ್ತೀನಿ. ಆದ್ರ ಆಕಿ ಏನ್ ನನ್ನ ಮೊಣಕಾಲ ಕಸಗೊಂಡು ಹೋಗ್ಯಾಳೇನ್ರಿ?"

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಅಷ್ಟು ಸಣ್ಣವನಾಗಿ ನಿಂತದ್ದು ಅದೇ ಮೊದಲು.

ಮರುದಿನ ಶಾಲೆಯ ಆಫೀಸಿಗೆ ಹೋದೆ. ನಮ್ಮದು ಅನುದಾನಿತ ಶಾಲೆ. ಗುಮಾಸ್ತರನ್ನು ಕೇಳಿದೆ: ಹೆಂಡತಿಯ ಆಪರೇಷನ್ನಿಗೆ ಮೆಡಿಕಲ್ ರಿಇಂಬರ್ಸ್‌ಮೆಂಟ್ ಸಿಗುತ್ತದೆಯೇ? ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿ. ಒಳಗೆ ಹಾಕುವ ಕೃತಕ ಕೀಲಿನ ಹಣವೂ ಸಿಗುತ್ತದೆ. ಮೊದಲೇ ಮಂಜೂರಾತಿ ತಗೊಳ್ಳಬೇಕು ಅಷ್ಟೇ. ಅಲ್ಲ ಮಾಸ್ತರ್, ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಈ ಫಾರಂ ಕೇಳಿದ್ದೀರಾ ನೀವು?"

ಕೇಳಿರಲಿಲ್ಲ. ಲಂಡನ್ನಿನ ಆಸ್ಪತ್ರೆಯ ಬಗ್ಗೆ ನೂರು ಪ್ರಶ್ನೆ ಕೇಳಿದ್ದೆ. ನನ್ನ ಶಾಲೆಯ ಆಫೀಸಿನಲ್ಲಿ ಒಂದನ್ನೂ ಕೇಳಿರಲಿಲ್ಲ. ಆಗುವುದಿಲ್ಲ ಎಂದು ನಾನೇ ತೀರ್ಮಾನಿಸಿ, ಆಮೇಲೆ ಆದವರನ್ನು ಕಂಡು ಉರಿಯುತ್ತಾ ಕೂತಿದ್ದೆ. ನಮ್ಮಲ್ಲಿ ಎಷ್ಟು ಜನ ಹೀಗೇ ಕೂತಿದ್ದೇವೆ?

ಫಾರಂ ತುಂಬಿದೆ. ಫಿಲು ಬಾಯಿ ತಮ್ಮ ಎಕ್ಸ್‌ರೇ ಹಿಡಿದುಕೊಂಡು ನಮ್ಮ ಜೊತೆ ಡಾಕ್ಟರ ಹತ್ತಿರ ಬಂದರು. ಹೆದರಬೇಡ ಸುಮಿ, ಮೊದಲ ಹತ್ತು ದಿನ ಜೀವ ಹೋಗುತ್ತದೆ, ಆಮೇಲೆ ವಾಪಸು ಬರುತ್ತದೆ ಎಂದು ಧೈರ್ಯ (!) ಹೇಳಿದರು. ಕಾಗದಗಳು ಓಡಾಡಿದವು. ಮಂಜೂರಾತಿ ಬಂತು. ಮುಂದಿನ ತಿಂಗಳು ಬಲಗಾಲಿನ ಆಪರೇಷನ್ನು.

ಕಾಯ್ತಾನರಿಗೆ ನಾನೇ ಹೋಗಿ ಕೋಲಿನ ವಿಷಯವನ್ನೂ ಹೇಳಿದೆ. ಅವರು "ನಾನಾಗಿದ್ದರೆ ಬಾವಿಗೇ ಎಸೆಯುತ್ತಿದ್ದೆ" ಎಂದರು. ಅಂಥ ನೆರೆಯವರು.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿತ್ತು. ಮುಗಿಸುವಂತಿಲ್ಲ.

ಮೊನ್ನೆ ಶನಿವಾರ ಮಧ್ಯಾಹ್ನ ಸುಮಿತ್ರಾ ಸಂಭ್ರಮದಲ್ಲಿ ಯಲ್ಲವ್ವನಿಗೆ ಆಪರೇಷನ್ನಿನ ದಿನ ಗೊತ್ತಾದ ಸುದ್ದಿ ಹೇಳಿದಳು. ನಾನು ಒಳಗೆ ಪೇಪರ್ ತಿದ್ದುತ್ತಿದ್ದೆ. ಹಿತ್ತಲಿನಲ್ಲಿ ಪಾತ್ರೆಯ ಸದ್ದು ನಿಂತಿತು.

"ಅಂದ್ರ ಅಕ್ಕಾರ, ಫಿಲು ಬಾಯಾರಂಗ ನಡಿತೀರಿ ಇನ್ನ?"

"ಡಾಕ್ಟರ್ ಹಂಗಂತಾರ ನೋಡವಾ."

"ಖರ್ಚು?"

"ಇವರ ಸಾಲಿ ಕಡಿಂದ ಬರ್ತೈತಂತ."

ನಾನು ಎದ್ದು ಹಿತ್ತಲ ಬಾಗಿಲಿಗೆ ಬಂದೆ. ಅವಳು ಕುಕ್ಕರಗಾಲಿನಲ್ಲಿ ಕೂತು, ಬೂದಿ ಮೆತ್ತಿದ ಕೈಯಿಂದ ಬಲ ಮೊಣಕಾಲನ್ನು ಒತ್ತಿಕೊಳ್ಳುತ್ತಿದ್ದಳು. ಸುಮಿತ್ರಾ ಬಿದ್ದ ದಿನ ಮೊದಲು ಓಡಿದ್ದು ಇವೇ ಕಾಲುಗಳು. ಅದು ನನ್ನ ತಲೆಗೆ ಹೊಳೆದದ್ದು ಈಗ.

"ಯಲ್ಲವ್ವ, ನೀನೂ ಕಾಲು ತೋರಿಸಿದ್ದೀಯಾ?" ಎಂದೆ.

"ತೋರ್ಸೀನ್ರಿ ಮಾಸ್ತರ. ಸರ್ಕಾರಿ ದವಾಖಾನಿಯಾಗ ಚಲೋ ನೋಡಿದ್ರು. ಗುಳಿಗಿ ಕೊಟ್ಟಾರ. ಭಾರ ಎತ್ತಬ್ಯಾಡ, ಕುಕ್ಕರಗಾಲಿಲೆ ಕುಂದ್ರಬ್ಯಾಡ ಅಂದ್ರು." ಹೇಳುತ್ತಾ ಕುಕ್ಕರಗಾಲಿನಲ್ಲಿ ಕೂತಲ್ಲೇ ಇನ್ನೊಂದು ಪಾತ್ರೆ ಎಳೆದುಕೊಂಡಳು.

"ಆಪರೇಷನ್?"

"ಮಾಡಿಸ್ಕೊಂಡ್ರ ಮೂರು ತಿಂಗಳ ಮಲಗಬೇಕಂತ್ರಿ. ಮಲಗಿ ಏಳೂದ್ರಾಗ ನಾಕೂ ಮನಿ ಬ್ಯಾರೆದವರು ಹಿಡಿದಿರ್ತಾರ. ಡಾಕ್ಟರು ಬಿಟ್ಟಿ ಮಾಡಬಹುದ್ರಿ. ಮಲಗೂದು ಬಿಟ್ಟಿ ಆಗಬೇಕಲ್ರಿ?"

ಸುಮಿತ್ರಾ ನನ್ನನ್ನು ನೋಡಿದಳು. ನಿನ್ನ ಕೆಲಸ ಬೇರೆಯವರಿಗೆ ಕೊಡುವುದಿಲ್ಲ, ಮೂರು ತಿಂಗಳೂ ಸಂಬಳ ಕೊಡುತ್ತೇವೆ ಎಂದೆ. ಸುಮ್ಮನೆ ಹೇಳಿದ್ದಲ್ಲ, ಕೊಡುವವನೇ.

"ನೀವೇನೋ ಕೊಡ್ತೀರಿ. ಉಳದ ಮೂರ ಮನಿ?" ಎಂದು ನಕ್ಕಳು. ಕೈ ತೊಳೆದುಕೊಂಡು, ಗೋಡೆ ಹಿಡಿದು ಎದ್ದಳು. ಸುಮಿತ್ರಾಳ ಕಾಲುಗಳನ್ನು ಒಂದು ಸಲ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು.

"ಮಾಸ್ತರ ನೌಕರಿ ಭಾಳ ಚಲೋರಿ ಅಕ್ಕಾರ" ಎಂದಳು. ದಿನವೂ ಕುಡಿಯುವ ಚಹಾ ಅವತ್ತು ಬೇಡ ಎಂದು ಹೋದಳು. ಗೇಟು ಹಾಕಿದ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ಆ ಭಾನುವಾರದ ಗ್ರಾಫಿನಲ್ಲಿ, ಯಲ್ಲವ್ವನ ಕಣ್ಣಿಗೆ ನಾನು ಯಾವ ದೇಶದವನು?